ಎಳೆಗೂಸಿನ ಇಸಬು: ಎರೆಯುವ ಕೈಗೊಂದು ಮಾತು

(ದತ್ತಿ ಉಪನ್ಯಾಸದ ಪಠ್ಯ)



ತಾಯಿಯ ನೆನಪಿಗೆ ಈ ದತ್ತಿ ಇಟ್ಟ ಮಕ್ಕಳು ನನ್ನನ್ನು ಕರೆಯಲು ಮನೆಗೆ ಬಂದಿದ್ದರು. "ಅವ್ವ ಓದಿದವಳಲ್ಲ ಮೇಡಂ. ಆದರೆ ನಮ್ಮ ಓಣಿಯ ಕೂಸುಗಳಿಗೆಲ್ಲ ಎರೆದವಳು ಅವಳೇ" ಎಂದರು. ಬಚ್ಚಲಲ್ಲಿ ಮಣೆ ಹಾಕಿ ಕಾಲು ನೀಡಿ ಕೂತು, ಕೂಸನ್ನು ಕಾಲಮೇಲೆ ಬೋರಲು ಮಲಗಿಸಿಕೊಂಡು, ಹಂಡೆಯಿಂದ ಬಿಸಿನೀರು ಬೆರೆಸಿ ಎರೆಯುತ್ತಿದ್ದರಂತೆ. ಅತ್ತು ಕರೆದ ಕೂಸು ಧೂಪದ ಹೊಗೆ ತಗೊಂಡು ಮೂರು ತಾಸು ನಿದ್ದೆ ಹೋಗುತ್ತಿತ್ತಂತೆ. ಆ ಮಾತು ಕೇಳಿದ ಮೇಲೆ ಇವತ್ತಿನ ವಿಷಯವನ್ನು ನಾನು ಬೇರೆಲ್ಲೂ ಹುಡುಕಲಿಲ್ಲ. ಚರ್ಮದ ವೈದ್ಯೆಯಾಗಿ ಇಷ್ಟು ವರ್ಷ ನಾನು ನೋಡಿದ ಎಳೆಮಕ್ಕಳಲ್ಲಿ ಅತಿ ಹೆಚ್ಚು ಬಂದದ್ದು ಇಸಬಿನ ಕೂಸುಗಳು. ಆ ಕೂಸುಗಳ ಒಳ್ಳೆಯದು ಕೆಟ್ಟದ್ದು ಎರಡೂ ಬಹುಪಾಲು ತೀರ್ಮಾನವಾಗುವುದು ಬಚ್ಚಲಿನಲ್ಲಿ, ಎರೆಯುವವರ ಕೈಯಲ್ಲಿ.

ಹೊರರೋಗಿ ವಿಭಾಗದ ಒಂದು ಬೆಳಗನ್ನು ನಿಮ್ಮ ಮುಂದೆ ಇಡುತ್ತೇನೆ. ಏಳು ತಿಂಗಳ ಗಂಡುಕೂಸು. ಎರಡೂ ಕೆನ್ನೆ ಒರಟಾಗಿ, ಅಲ್ಲಲ್ಲಿ ರಸಿಗೆ ಒಸರಿ ಹಕ್ಕಳೆ ಕಟ್ಟಿದೆ. ಕೈಗೆ ಹಳೆಯ ಸಾಕ್ಸ್ ಹಾಕಿ ದಾರ ಕಟ್ಟಿದ್ದಾರೆ. ಸಾಕ್ಸ್ ಬಿಚ್ಚಿದ ಕೂಡಲೇ ಅದು ನನ್ನನ್ನೂ ನೋಡಲಿಲ್ಲ, ನಾನು ತೋರಿಸಿದ ಗೊಂಬೆಯನ್ನೂ ನೋಡಲಿಲ್ಲ. ಎರಡೂ ಕೈ ಎತ್ತಿ ಕೆನ್ನೆಗೆ ಹಾಕಿತು. ಕೆರೆದರೂ ಸಮಾಧಾನವಾಗಲಿಲ್ಲ. ಅದಕ್ಕೇ ತಾಯಿಯ ಹೆಗಲಿನ ಸೀರೆಗೆ ಮುಖ ಒತ್ತಿ ಉಜ್ಜಿಕೊಳ್ಳತೊಡಗಿತು. ಸೀರೆಯ ಆ ಜಾಗದಲ್ಲಿ ಹಳದಿ ಕಲೆಯಾಗಿತ್ತು. ತಾಯಿ ಕೇಳಿದ ಮೊದಲ ಪ್ರಶ್ನೆ, "ನಾನು ಏನು ತಿಂದಿದ್ದಕ್ಕೆ ಹಿಂಗಾತ್ರೀ ಮೇಡಂ?" ಬದನೆಕಾಯಿ ಬಿಟ್ಟಿದ್ದಳು, ಶೇಂಗಾ ಬಿಟ್ಟಿದ್ದಳು, ಮೊಸರು, ಬೇಳೆ, ತೆಂಗಿನಕಾಯಿ ಎಲ್ಲ ಬಿಟ್ಟಿದ್ದಳು. ಎರಡು ತಿಂಗಳಿಂದ ಅನ್ನ, ಮೆಣಸಿನ ಸಾರು ಅಷ್ಟೇ. ಹಾಲುಣಿಸುವ ತಾಯಿ ಆಕೆ. ಕೂಸಿನ ಚರ್ಮ ಒಂದಿಷ್ಟೂ ಸುಧಾರಿಸಿರಲಿಲ್ಲ, ತಾಯಿ ಮಾತ್ರ ಸೊರಗಿದ್ದಳು.

ಆಕೆಗೆ ನಾನು ಹೇಳಿದ ಮೊದಲ ಮಾತನ್ನೇ ನಿಮಗೂ ಹೇಳುತ್ತೇನೆ: ಇದು ನಿನ್ನ ತಪ್ಪಲ್ಲ ತಾಯಿ, ನೀನು ತಿಂದದ್ದರಿಂದ ಬಂದದ್ದಲ್ಲ.

ಊರಮಾತಿನಲ್ಲಿ ಈ ಕಾಯಿಲೆಗೆ ಹೆಸರು ಬಹಳ: ಇಸಬು, ಗಜಕರ್ಣ, ಕಜ್ಜಿ, ಉಷ್ಣ, ನಂಜು. ಹೆಸರು ತಪ್ಪಿದರೆ ಔಷಧವೂ ತಪ್ಪುತ್ತದೆ. ಗಜಕರ್ಣ, ಹುಳುಕಡ್ಡಿ ಅನ್ನುವುದು ಶಿಲೀಂಧ್ರದ ಸೋಂಕು. ಕಜ್ಜಿ ಒಂದು ಸಣ್ಣ ಹುಳದಿಂದ ಬರುವುದು; ಮನೆಯಲ್ಲಿ ಇನ್ನೂ ಇಬ್ಬರು ಮೂವರು ರಾತ್ರಿ ಕೆರೆದುಕೊಳ್ಳುತ್ತಿದ್ದರೆ, ಕೂಸಿನ ಅಂಗೈ ಅಂಗಾಲಿನಲ್ಲೂ ಗುಳ್ಳೆ ಇದ್ದರೆ, ಮೊದಲು ಕಜ್ಜಿಯನ್ನು ನೆನೆಯಬೇಕು. ಬೇಸಿಗೆಯ ಬೆವರುಗುಳ್ಳೆ ಬೇರೆ, ಹುಟ್ಟಿದ ಹೊಸತರಲ್ಲಿ ತಲೆಯ ಮೇಲೆ ಕಟ್ಟುವ ಜಿಡ್ಡಿನ ಹೊಪ್ಪಳೆ ಬೇರೆ. ನಾನು ಹೇಳುತ್ತಿರುವ ಇಸಬನ್ನು ವೈದ್ಯರು ಅಟೊಪಿಕ್ ಡರ್ಮಟೈಟಿಸ್ ಅನ್ನುತ್ತಾರೆ. ಆ ಹೆಸರನ್ನು 1933ರಲ್ಲಿ ಕೊಟ್ಟವರು ಅಮೆರಿಕದ ವೈಸ್ ಮತ್ತು ಸುಲ್ಜ್‌ಬರ್ಗರ್. ಎಕ್ಸಿಮಾ ಅನ್ನುವುದು ಅದಕ್ಕಿಂತ ಬಹಳ ಹಳೆಯ ಗ್ರೀಕ್ ಮಾತು. ಕುದಿದು ಉಕ್ಕುವುದು ಎಂದು ಅರ್ಥ. ಒಸರುವ ಕೆನ್ನೆಯನ್ನು ನೋಡಿದವರಿಗೆ ಆ ಹೆಸರು ಯಾಕೆ ಬಂತು ಎಂದು ಹೇಳಬೇಕಿಲ್ಲ.

ಬಹುಪಾಲು ಮಕ್ಕಳಲ್ಲಿ ಇದು ಮೊದಲ ವರ್ಷದೊಳಗೇ ಶುರುವಾಗುತ್ತದೆ. ಎಳೆಗೂಸಿನಲ್ಲಿ ಕೆನ್ನೆ, ಹಣೆ, ತಲೆ, ಕೈಕಾಲಿನ ಹೊರಬದಿ. ಲಂಗೋಟಿ ಕಟ್ಟುವ ಜಾಗ ಸಾಮಾನ್ಯವಾಗಿ ನುಣ್ಣಗೇ ಉಳಿದಿರುತ್ತದೆ, ಅದೇ ಒಂದು ಗುರುತು. ನಡೆಯುವ ಹೊತ್ತಿಗೆ ಜಾಗ ಬದಲಾಗಿ ಮೊಣಕೈ ಮಡಿಕೆ, ಮೊಣಕಾಲಿನ ಹಿಂದಿನ ಸಂದು, ಕುತ್ತಿಗೆ, ಮಣಿಕಟ್ಟುಗಳಿಗೆ ಬರುತ್ತದೆ. ವೈದ್ಯ ವಿದ್ಯಾರ್ಥಿಗಳಾಗಿ ನಾವು ಓದಿದ ಪುಸ್ತಕಗಳಲ್ಲೆಲ್ಲ ಇಸಬು ಕೆಂಪಗಿರುತ್ತದೆ ಎಂದಿತ್ತು. ಆ ಚಿತ್ರಗಳು ಬಿಳಿ ಚರ್ಮದ ಮಕ್ಕಳದು. ನಮ್ಮ ಕೂಸುಗಳ ಮೈಯಲ್ಲಿ ಅದು ಕಂದು, ನೇರಳೆ, ಬೂದಿ ಬಣ್ಣದಲ್ಲಿ ಕಾಣುತ್ತದೆ. ಕೆಲವು ಸಲ ಬಣ್ಣವೇ ಕಾಣದೆ, ಕೈಯಾಡಿಸಿದರೆ ರೋಮಾಂಚನವಾದಂತೆ ತರಿತರಿ ಹತ್ತುತ್ತದೆ ಅಷ್ಟೇ. ಆದ್ದರಿಂದ ಕಣ್ಣನ್ನು ನಂಬುವಷ್ಟೇ ಬೆರಳನ್ನೂ ನಂಬಬೇಕು. ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇಸಬು ವಾಸಿಯಾದ ಜಾಗದಲ್ಲಿ ಸ್ವಲ್ಪ ಕಾಲ ಮಾಸಲು ಬಿಳಿ ಮಚ್ಚೆ ಉಳಿಯುತ್ತದೆ. ಅದನ್ನು ನೋಡಿ ತೊನ್ನು ಎಂದು ಹೆದರಿ, ಹೆಣ್ಣುಮಗು ಎಂದು ಇನ್ನಷ್ಟು ಹೆದರಿ, ರಾತ್ರೋರಾತ್ರಿ ಬಸ್ಸು ಹತ್ತಿ ಬಂದವರಿದ್ದಾರೆ. ಅದು ತೊನ್ನಲ್ಲ. ಉರಿಯೂತ ಆರಿದ ಗುರುತು ಅದು. ಕೆಲವು ತಿಂಗಳಲ್ಲಿ ಮೈಬಣ್ಣ ತಾನೇ ಕೂಡಿಕೊಳ್ಳುತ್ತದೆ.

ಇದು ಯಾಕೆ ಬರುತ್ತದೆ? ಚರ್ಮದ ಮೇಲ್ಪದರವನ್ನು ಇಟ್ಟಿಗೆ ಗೋಡೆಗೆ ಹೋಲಿಸಿ ವಿವರಿಸಿದವರು ಸ್ಯಾನ್ ಫ್ರಾನ್ಸಿಸ್ಕೋದ ಪೀಟರ್ ಇಲಿಯಾಸ್. ಜೀವಕೋಶಗಳು ಇಟ್ಟಿಗೆ, ನಡುವಿನ ಕೊಬ್ಬು ಗಾರೆ. ಮಳೆಗಾಳಿಗೆ ಮುಖ ಮಾಡಿದ ಹಳೆಯ ಗೋಡೆಯಲ್ಲಿ ಗಾರೆ ಉದುರಿದರೆ ಏನಾಗುತ್ತದೆ ಎಂದು ನಿಮಗೆ ಗೊತ್ತು: ಹೊರಗಿನದು ಒಳಗೆ ಬರುತ್ತದೆ. ಕೂಸಿನ ಚರ್ಮದಲ್ಲಾದರೆ ಒಳಗಿನ ತೇವವೂ ಆರಿಹೋಗುತ್ತದೆ. 2006ರಲ್ಲಿ ಸ್ಕಾಟ್ಲೆಂಡಿನ ಡಂಡೀಯಲ್ಲಿ ಇರ್ವಿನ್ ಮೆಕ್ಲೀನ್ ಅವರ ತಂಡ ಫಿಲಾಗ್ರಿನ್ ಎಂಬ ಪ್ರೋಟೀನನ್ನು ಮಾಡುವ ಜೀನಿನ ದೋಷಕ್ಕೂ ಇಸಬಿಗೂ ನಂಟಿದೆ ಎಂದು ತೋರಿಸಿತು. ಈ ಪ್ರೋಟೀನು ಒಡೆದಾಗ ಹುಟ್ಟುವ ಪದಾರ್ಥಗಳೇ ಚರ್ಮದಲ್ಲಿ ನೀರು ಹಿಡಿದಿಡುವುದು. ಇಸಬಿನ ಎಲ್ಲ ಕೂಸುಗಳಿಗೂ ಇದೇ ದೋಷ ಇರುತ್ತದೆ ಎಂದಲ್ಲ. ಆದರೆ ಅಲ್ಲಿಂದ ಮುಂದೆ ಒಂದು ವಿಷಯ ನಿಚ್ಚಳವಾಯಿತು. ಇದು ರಕ್ತ ಕೆಟ್ಟು ಬರುವ ರೋಗವಲ್ಲ, ಹುಟ್ಟಿನಿಂದಲೇ ಗೋಡೆ ಸಡಿಲವಿರುವ ಚರ್ಮ. ಆ ಸಡಿಲ ಗೋಡೆಯ ಮೇಲೆ ಉರಿಯೂತ ಹತ್ತಿಕೊಳ್ಳುತ್ತದೆ, ಉರಿಯೂತದಿಂದ ತುರಿಕೆ, ಕೆರೆದಷ್ಟೂ ಗೋಡೆ ಮತ್ತೆ ಒಡೆಯುತ್ತದೆ, ಒಡೆದಲ್ಲಿ ರೋಗಾಣು ಕೂರುತ್ತದೆ. ಈ ಗಾಣವನ್ನು ಎಲ್ಲಿ ನಿಲ್ಲಿಸುವುದು ಎನ್ನುವುದೇ ಚಿಕಿತ್ಸೆ.

ಈಗ ಬಚ್ಚಲಿಗೆ ಬರುತ್ತೇನೆ. ಇಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ.

ನಮ್ಮ ಸೀಮೆಯಲ್ಲಿ ಕೂಸಿಗೆ ಎರೆಯುವ ಕ್ರಮ ನಿಮಗೆಲ್ಲ ಗೊತ್ತು. ಮೊದಲು ಎಣ್ಣೆ, ಹರಳೆಣ್ಣೆಯೋ ಕೊಬ್ಬರಿ ಎಣ್ಣೆಯೋ. ಚೆನ್ನಾಗಿ ತಿಕ್ಕಿ ನೀವಿ ನೆನೆಯಲು ಬಿಡುವುದು. ಆಮೇಲೆ ಸುಡುಸುಡು ನೀರು. ಆಮೇಲೆ ಕಡಲೆಹಿಟ್ಟೋ ಹೆಸರುಹಿಟ್ಟೋ ಸೀಗೆಪುಡಿಯೋ ಹಾಕಿ ಆ ಎಣ್ಣೆಯನ್ನೆಲ್ಲ ತಿಕ್ಕಿ ತೆಗೆಯುವುದು, ಜಿಡ್ಡು ಪೂರ್ತಿ ಹೋಗಿ ಮೈ ಗರಗರ ಅನ್ನುವವರೆಗೆ. ಒರೆಸಿ, ಪೌಡರ್ ಹಾಕಿ, ಹೊಗೆ ಹಾಕುವುದು. ಗಟ್ಟಿ ಚರ್ಮದ ಕೂಸು ಇದನ್ನೆಲ್ಲ ತಾಳಿಕೊಂಡು ಸುಖವಾಗಿ ಮಲಗುತ್ತದೆ. ಇಸಬಿನ ಕೂಸಿಗೆ ಮಾತ್ರ ಇದು ದಿನಾ ಗಾರೆ ಕೀಳುವ ಕೆಲಸ. ನಾನು ಬಹಳ ವರ್ಷ ಎಣ್ಣೆಯನ್ನೇ ದೂರುತ್ತಿದ್ದೆ. ಆಮೇಲೆ ತಾಯಂದಿರನ್ನು ಕೂರಿಸಿ ಒಂದೊಂದೇ ಹೆಜ್ಜೆ ಹೇಳಿಸಿ ಕೇಳಿದಾಗ ಅರ್ಥವಾಯಿತು: ಕೆಡುಕು ಎಣ್ಣೆಯಲ್ಲಿಲ್ಲ, ಎಣ್ಣೆ ತೆಗೆಯುವ ರೀತಿಯಲ್ಲಿದೆ. ಹಿಟ್ಟಿನ ತರಿ, ಸೀಗೆಯ ನೊರೆ, ಬಿಸಿನೀರು ಮೂರೂ ಸೇರಿ, ಹಚ್ಚಿದ ಎಣ್ಣೆಯ ಜೊತೆಗೆ ಚರ್ಮದ ಸ್ವಂತ ಕೊಬ್ಬನ್ನೂ ಎಳೆದುಕೊಂಡು ಹೋಗುತ್ತವೆ.

ಆದ್ದರಿಂದ ಓಣಿಗೆಲ್ಲ ಎರೆದ ಆ ಅವ್ವನ ಮನೆಯವರ ಮುಂದೆಯೇ ಕೇಳಿಕೊಳ್ಳುತ್ತೇನೆ. ಎರೆಯುವುದನ್ನು ಬಿಡಬೇಡಿ. ಕ್ರಮವನ್ನು ತಿರುವಿ ಹಾಕಿ. ಮೊದಲು ನೀರು, ಆಮೇಲೆ ಜಿಡ್ಡು. ನೀರು ಉಗುರುಬೆಚ್ಚಗಿರಲಿ, ನಿಮ್ಮ ಮೊಣಕೈ ಅದ್ದಿದರೆ ಬಿಸಿ ಅನ್ನಿಸಬಾರದು. ಐದರಿಂದ ಹತ್ತು ನಿಮಿಷ ಸಾಕು. ಹಿಟ್ಟು, ಸೀಗೆ, ಬ್ರಷ್ಷು, ಕಲ್ಲು ಬೇಡ. ಸೋಪು ಬೇಕೇ ಬೇಕೆನಿಸಿದರೆ ವಾಸನೆಯಿಲ್ಲದ ಮೃದುವಾದದ್ದನ್ನು ಕಂಕುಳು, ತೊಡೆಸಂದಿಗೆ ಮಾತ್ರ. ಹಳೆಯ ಹತ್ತಿ ಪಂಚೆಯಿಂದ ಒತ್ತಿ ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿ. ಮೈ ಇನ್ನೂ ಹಸಿ ಇರುವಾಗಲೇ, ಮೂರು ನಿಮಿಷದೊಳಗೆ, ಜಿಡ್ಡು ಹಚ್ಚಿ. ಕೂದಲು ಬೆಳೆದ ದಿಕ್ಕಿನಲ್ಲಿ, ಮೇಲಿನಿಂದ ಕೆಳಗೆ, ನೀವಿದಂತೆ. ಪೌಡರ್ ಬೇಡ. ಸಾಂಬ್ರಾಣಿಯ ಹೊಗೆಯೂ ಬೇಡ. ಈ ಕೂಸುಗಳಲ್ಲಿ ಕೆಲವಕ್ಕೆ ಮುಂದೆ ಉಬ್ಬಸ ಬರುವುದುಂಟು, ಆ ಎಳೆಯ ಶ್ವಾಸಕೋಶಕ್ಕೆ ಹೊಗೆ ಯಾಕೆ?

ಯಾವ ಜಿಡ್ಡು ಎಂದು ಎಲ್ಲರೂ ಕೇಳುತ್ತಾರೆ, ದುಬಾರಿಯದೇ ಒಳ್ಳೆಯದು ಎಂಬ ನಂಬಿಕೆಯಿಂದ ಕೇಳುತ್ತಾರೆ. ಇಂಗ್ಲೆಂಡಿನಲ್ಲಿ 550 ಮಕ್ಕಳ ಮೇಲೆ ಲೋಷನ್, ಕ್ರೀಮ್, ಜೆಲ್, ಮುಲಾಮು ಈ ನಾಲ್ಕನ್ನೂ ಹೋಲಿಸಿ ನೋಡಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದಕ್ಕಿಂತ ಇನ್ನೊಂದು ಮೇಲು ಎಂದು ಕಾಣಲಿಲ್ಲ. ದಿನಾ ತಪ್ಪದೆ, ಧಾರಾಳವಾಗಿ ಯಾವುದನ್ನು ಹಚ್ಚಲು ನಿಮಗೆ ಆಗುತ್ತದೋ ಅದೇ ಒಳ್ಳೆಯದು. ವಾಸನೆ, ಬಣ್ಣ ಇಲ್ಲದ ಸಾದಾ ಪೆಟ್ರೋಲಿಯಂ ಜೆಲ್ಲಿ ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ. ಕೊಬ್ಬರಿ ಎಣ್ಣೆಯ ವಿಷಯದಲ್ಲಿ ನಮಗೆ ಸಂತೋಷದ ಸುದ್ದಿಯೇ ಇದೆ: ಫಿಲಿಪ್ಪೀನ್ಸಿನಲ್ಲಿ 117 ಮಕ್ಕಳ ಮೇಲೆ ಎಂಟು ವಾರ ನಡೆಸಿ 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬಿಸಿ ಮಾಡದೆ ತೆಗೆದ ಶುದ್ಧ ಕೊಬ್ಬರಿ ಎಣ್ಣೆ ಖನಿಜ ಎಣ್ಣೆಗಿಂತ ಚೆನ್ನಾಗಿ ಕೆಲಸ ಮಾಡಿತು. ಆಲಿವ್ ಎಣ್ಣೆ ದುಬಾರಿಯಾದ ಮಾತ್ರಕ್ಕೆ ಮೇಲಲ್ಲ. ಅದು ಚರ್ಮದ ಗೋಡೆಯನ್ನು ಸಡಿಲಿಸುತ್ತದೆ ಎಂದು ತೋರಿಸಿದ್ದಾರೆ. ಸಾಸಿವೆ ಎಣ್ಣೆಯೂ ಬೇಡ. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸುವ ರೂಢಿ ನಮ್ಮಲ್ಲಿದೆಯಲ್ಲ, ಅದನ್ನು ಕೈಮುಗಿದು ಬಿಡಿಸುತ್ತೇನೆ. ಕರ್ಪೂರ ಎಳೆಗೂಸಿನ ಚರ್ಮದ ಮೂಲಕ ಒಳಗಿಳಿದರೂ, ಬಾಯಿಗೆ ಹೋದರೂ ಫಿಟ್ಸ್ ಬರಿಸಬಲ್ಲದು. ಬೇವಿನೆಣ್ಣೆಯನ್ನು ಕೂಸಿನ ಬಾಯಿಗೆ ಹಾಕುವುದಂತೂ ಜೀವಕ್ಕೇ ಅಪಾಯ.

ತಿಂದದ್ದು ನಂಜಾಯಿತು ಎನ್ನುವ ಮಾತಿಗೆ ಬರೋಣ. ಹಾಲು, ಮೊಟ್ಟೆಯಂಥ ಆಹಾರದ ಅಲರ್ಜಿ ಕೆಲವು ಕೂಸುಗಳಲ್ಲಿ, ಅದರಲ್ಲೂ ತೀರಾ ಎಳವೆಯಲ್ಲಿ ಜೋರಾಗಿ ಇಸಬು ಬಂದವುಗಳಲ್ಲಿ ನಿಜಕ್ಕೂ ಇರುತ್ತದೆ. ತಿಂದ ಸ್ವಲ್ಪ ಹೊತ್ತಿಗೇ ಮೈಯೆಲ್ಲ ದದ್ದು ಎದ್ದರೆ, ತುಟಿ ಊದಿಕೊಂಡರೆ, ವಾಂತಿಯಾದರೆ ವೈದ್ಯರಿಗೆ ತೋರಿಸಿ ಪರೀಕ್ಷೆ ಮಾಡಿಸಬೇಕು. ಆದರೆ ಬಹುಪಾಲು ಕೂಸುಗಳ ಇಸಬು ಊಟ ಬಿಟ್ಟರೆ ವಾಸಿಯಾಗುವಂಥದ್ದಲ್ಲ. ಬಾಣಂತಿಯ ತಟ್ಟೆಯಿಂದ ಬೇಳೆ ತೆಗೆದರೆ ಕೂಸಿಗೆ ಲಾಭವಿಲ್ಲ, ತಾಯಿಗೆ ನಷ್ಟ. ಕೂಸಿಗೇ ಹಾಲು, ಮೊಟ್ಟೆ, ಶೇಂಗಾ ಎಲ್ಲ ಬಿಡಿಸಿ ಬರೀ ಗಂಜಿಯಲ್ಲಿ ಬೆಳೆಸಿದರೆ ಅದು ಕುಗ್ಗುತ್ತದೆ. ಇಸಬಿರುವ ಕೂಸುಗಳಿಗೆ ಶೇಂಗಾವನ್ನು ಮೊದಲ ವರ್ಷದಲ್ಲೇ, ಉಸಿರುಗಟ್ಟದ ರೂಪದಲ್ಲಿ ತಿನ್ನಿಸಿದರೆ ಶೇಂಗಾ ಅಲರ್ಜಿ ಬಹಳ ಕಡಿಮೆಯಾಗುತ್ತದೆ ಎಂದು 2015ರಲ್ಲಿ ಲಂಡನ್ನಿನ ಅಧ್ಯಯನವೊಂದು ತೋರಿಸಿ, ಜಗತ್ತಿನ ಮಕ್ಕಳ ವೈದ್ಯರ ಹಳೆಯ ಸಲಹೆಯನ್ನೇ ಬದಲಿಸಿತು. ಇಸಬು ಜೋರಾಗಿದ್ದರೆ ವೈದ್ಯರನ್ನು ಕೇಳಿ ಶುರು ಮಾಡಿ. ಎದೆಹಾಲು ಬಿಡಿಸಬೇಡಿ. ಲಸಿಕೆಯನ್ನೂ ತಪ್ಪಿಸಬೇಡಿ. ಚರ್ಮದ ಕಾಯಿಲೆ ಬಂದರೆ ಕುಕ್ಕೆ ಸುಬ್ರಹ್ಮಣ್ಯನಿಗೆ ಹರಕೆ ಹೊರುವುದು ನಮ್ಮ ನಾಡಿನ ಬಹಳ ಮನೆಗಳ ನಡವಳಿಕೆ. ಹರಕೆ ತೀರಿಸಿ ಬನ್ನಿ, ಮನಸ್ಸಿಗೆ ಸಮಾಧಾನ ಸಿಗಲಿ. ಆದರೆ ಹೋಗುವ ಚೀಲದಲ್ಲಿ ಮುಲಾಮು ಇರಲಿ.

ಇನ್ನು ಮುಲಾಮು. ನನ್ನ ಉಪನ್ಯಾಸದ ಹುರುಳು ಇರುವುದು ಇಲ್ಲಿ.

ಗೋಡೆಗೆ ಗಾರೆ ಮೆತ್ತಿದರೆ ಹೊಸ ಬಿರುಕು ತಡೆಯಬಹುದು. ಹತ್ತಿಕೊಂಡ ಉರಿಯನ್ನು ಬರೀ ಜಿಡ್ಡು ಆರಿಸಲಾರದು. ಅದಕ್ಕೆ ಸ್ಟಿರಾಯ್ಡ್ ಮುಲಾಮು ಬೇಕು. 1952ರಲ್ಲಿ ಅದೇ ಸುಲ್ಜ್‌ಬರ್ಗರ್, ವಿಟ್ಟನ್ ಅವರೊಡನೆ ಸೇರಿ, ಹೈಡ್ರೊಕಾರ್ಟಿಸೋನನ್ನು ಚರ್ಮಕ್ಕೆ ಹಚ್ಚಿ ಗುಣ ಕಂಡರು. ಅದಕ್ಕೆ ಹಿಂದೆ ಟಾರು, ಕಟ್ಟು, ಕೈ ಕಟ್ಟಿಹಾಕುವುದು ಇಷ್ಟೇ ಇತ್ತು. ಎಪ್ಪತ್ತು ವರ್ಷ ದಾಟಿದ ಈ ಔಷಧದ ಸುತ್ತ ನಮ್ಮ ಮನೆಗಳಲ್ಲಿ ಎರಡು ಬಗೆಯ ಅನಾಹುತ ನಡೆಯುತ್ತಿದೆ. ಒಂದು ಭಯ, ಒಂದು ನಿರ್ಭಯ.

ಭಯದ ಮನೆ ಹೀಗೆ. ವೈದ್ಯರು ಮುಲಾಮು ಬರೆದುಕೊಡುತ್ತಾರೆ. ತಂದೆ ಮೊಬೈಲಿನಲ್ಲಿ ನೋಡಿ "ಇದು ಸ್ಟಿರಾಯ್ಡು" ಅನ್ನುತ್ತಾನೆ. ಅಜ್ಜಿ ಬೆರಳ ತುದಿಗೆ ಸಾಸಿವೆಯಷ್ಟು ತೆಗೆದು ಇಡೀ ಕೆನ್ನೆಗೆ ಸವರುತ್ತಾಳೆ. ಎರಡು ದಿನಕ್ಕೆ ಸ್ವಲ್ಪ ತಗ್ಗುತ್ತದೆ, ನಿಲ್ಲಿಸುತ್ತಾರೆ. ನಾಲ್ಕನೇ ದಿನ ಮತ್ತೆ ಒಸರುತ್ತದೆ. ಔಷಧ ನಾಟಲಿಲ್ಲ ಎಂದು ಇನ್ನೊಬ್ಬ ವೈದ್ಯರಲ್ಲಿಗೆ ಹೋಗುತ್ತಾರೆ. ಹೀಗೆ ಆರು ತಿಂಗಳಲ್ಲಿ ಐದು ಟ್ಯೂಬು ಕೊಂಡು ಒಂದನ್ನೂ ಮುಗಿಸದ ಮನೆಗಳನ್ನು ನಾನು ನೋಡಿದ್ದೇನೆ. ಕೂಸು ಆ ಆರು ತಿಂಗಳೂ ನಿದ್ದೆಯಿಲ್ಲದೆ ಕೆರೆದುಕೊಂಡಿರುತ್ತದೆ.

ನಿರ್ಭಯದ ಮನೆಯದು ಇನ್ನೂ ಕಷ್ಟದ ಕಥೆ. ಒಂಬತ್ತು ತಿಂಗಳ ಒಂದು ಕೂಸನ್ನು ಜ್ವರಕ್ಕೆಂದು ಮಕ್ಕಳ ವಿಭಾಗಕ್ಕೆ ಸೇರಿಸಿದ್ದರು. ಚರ್ಮ ನೋಡಲು ನನ್ನನ್ನು ಕರೆದರು. ಮುಖ ಚಂದ್ರನ ಹಾಗೆ ದುಂಡಗೆ, ಕೆನ್ನೆ ತೂಗುಬಿದ್ದಿದೆ, ಹಣೆಯ ಮೇಲೆ, ಬೆನ್ನ ಮೇಲೆ ಕೂದಲು. ಕೈಕಾಲು ಮಾತ್ರ ಸಣ್ಣ. ಓಣಿಯವರೆಲ್ಲ "ಎಷ್ಟು ಗುಂಡಗಾಗ್ಯಾನೆ!" ಎಂದು ದೃಷ್ಟಿ ತೆಗೆದಿದ್ದರಂತೆ. ತಾಯಿ ಚೀಲದಿಂದ ಒಂದು ಟ್ಯೂಬು ತೆಗೆದಳು. ಕ್ಲೊಬೆಟಸಾಲ್, ಜೊತೆಗೆ ಒಂದು ಆ್ಯಂಟಿಬಯೊಟಿಕ್, ಒಂದು ಶಿಲೀಂಧ್ರನಾಶಕ, ಮೂರನ್ನೂ ಬೆರೆಸಿದ ಕ್ರೀಮು. ಔಷಧದಂಗಡಿಯಲ್ಲಿ ಕೇಳಿ ತಂದದ್ದು. ಮೊದಲ ಸಲ ಎರಡೇ ದಿನಕ್ಕೆ ಮಾಯ ಮಾಡಿದಂತೆ ವಾಸಿಯಾಯಿತು. ಆಮೇಲೆ ನಾಲ್ಕು ತಿಂಗಳು, ದಿನಕ್ಕೆ ಎರಡು ಸಲ, ಮುಖಕ್ಕೂ ಲಂಗೋಟಿಯ ಜಾಗಕ್ಕೂ ಹಚ್ಚಿದ್ದಾಳೆ. ಕ್ಲೊಬೆಟಸಾಲಿನ ಶಕ್ತಿ ಹೈಡ್ರೊಕಾರ್ಟಿಸೋನಿಗಿಂತ ನೂರಾರು ಪಟ್ಟು. ಕೂಸಿನ ಚರ್ಮ ತೆಳು, ತೂಕಕ್ಕೆ ಹೋಲಿಸಿದರೆ ನಮಗಿಂತ ಅದರ ಮೈಯ ಹರವು ಹೆಚ್ಚು, ಹಚ್ಚಿದ್ದು ರಕ್ತಕ್ಕಿಳಿದಿತ್ತು. ಮೈಯೊಳಗೆ ಸ್ಟಿರಾಯ್ಡ್ ಮಾಡುವ ಕೂಸಿನ ಸ್ವಂತ ಗ್ರಂಥಿ ಮಲಗಿಬಿಟ್ಟಿತ್ತು. ಆ ಟ್ಯೂಬನ್ನು ಒಮ್ಮೆಲೇ ನಿಲ್ಲಿಸುವಂತೆಯೂ ಇರಲಿಲ್ಲ. ಮಕ್ಕಳ ವೈದ್ಯರು ವಾರಗಟ್ಟಲೆ ಮೆಲ್ಲಗೆ ಇಳಿಸಬೇಕಾಯಿತು. ಕೂಸು ಉಳಿಯಿತು. ಆ ತಾಯಿ ನನಗೆ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ: "ಕ್ರೀಮು ಅಂದ್ರೆ ಮೇಲಿಂದ ಮೇಲೆ ಹಚ್ಚೋದಲ್ವಾ ಮೇಡಂ, ಒಳಗೆ ಹೆಂಗೆ ಹೋಗ್ತದೆ?" ಆಕೆಗೆ ಯಾರೂ ಹೇಳಿರಲಿಲ್ಲ.

ಇಂಥ ಮಾರಾಟದ ವಿರುದ್ಧ ಭಾರತದ ಚರ್ಮವೈದ್ಯರ ಸಂಘ ಬಹಳ ವರ್ಷ ಹೋರಾಡಿತು. 2018ರಲ್ಲಿ ಕೇಂದ್ರ ಸರ್ಕಾರ ಹದಿನಾಲ್ಕು ಬಗೆಯ ಹಚ್ಚುವ ಸ್ಟಿರಾಯ್ಡ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಕಾನೂನು ಇದೆ, ಕೌಂಟರಿನ ಆಚೆ ಈಚೆ ನಿಂತವರಿಬ್ಬರೂ ಅದನ್ನು ನೆನಪಿಡಬೇಕು.

ಹಾಗಾದರೆ ಸರಿಯಾದ ದಾರಿ ಯಾವುದು? ಎಳೆಗೂಸಿನ ಮುಖಕ್ಕೆ ಮೃದು ಬಗೆಯದು, ಹೈಡ್ರೊಕಾರ್ಟಿಸೋನಿನಂಥದ್ದು. ಮೈಗೆ ಬೇಕಿದ್ದರೆ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು, ಕೆಲವು ದಿನ. ದಿನಕ್ಕೆ ಒಮ್ಮೆ, ಹೆಚ್ಚೆಂದರೆ ಎರಡು ಸಲ. ಮೈ ನುಣ್ಣಗಾಗುವವರೆಗೆ ಹಚ್ಚಿ ನಿಲ್ಲಿಸುವುದು. ಅರ್ಧಕ್ಕೆ ಬಿಡಬಾರದು, ವೈದ್ಯರು ಹೇಳಿದ್ದಕ್ಕಿಂತ ಮುಂದಕ್ಕೂ ಎಳೆಯಬಾರದು. ಅದೇ ಜಾಗದಲ್ಲಿ ಮತ್ತೆ ಮತ್ತೆ ಬರುವ ಕೂಸಿಗೆ, ವಾಸಿಯಾದ ಮೇಲೂ ವಾರಕ್ಕೆ ಎರಡು ದಿನ ಹಚ್ಚಿಸುವ ಕ್ರಮವಿದೆ. ಅದರಿಂದ ಒಟ್ಟಾರೆ ಔಷಧದ ಖರ್ಚೂ ಕಡಿಮೆ. ಎರಡು ವರ್ಷ ದಾಟಿದವರಿಗೆ ಸ್ಟಿರಾಯ್ಡ್ ಅಲ್ಲದ ಟ್ಯಾಕ್ರೊಲಿಮಸ್ ಮುಲಾಮು ಇದೆ, ಕಣ್ಣಿನ ಸುತ್ತ, ಕುತ್ತಿಗೆಯಂಥ ತೆಳು ಜಾಗಕ್ಕೆ ಒಳ್ಳೆಯದು, ಶೇಕಡ 0.03ರದ್ದು ಮಕ್ಕಳಿಗೆ.

ಎಷ್ಟು ಹಚ್ಚಬೇಕು? ಇದನ್ನು ಕೈಯಲ್ಲೇ ತೋರಿಸುತ್ತೇನೆ, ನೀವೂ ಬೆರಳು ಎತ್ತಿ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಒಂದು ಎಳೆ ಹಿಂಡಿ. ದೊಡ್ಡವರ ಬೆರಳು, ಕೂಸಿನದಲ್ಲ. ಅದು ಸುಮಾರು ಅರ್ಧ ಗ್ರಾಮು. 1991ರಲ್ಲಿ ಬ್ರಿಟನ್ನಿನ ಲಾಂಗ್ ಮತ್ತು ಫಿನ್ಲೇ ಈ ಅಳತೆಯನ್ನು ರೂಢಿಗೆ ತಂದರು. ಒಂದು ಬೆರಳ ತುದಿಯಷ್ಟು ಮುಲಾಮು, ಬೆರಳೂ ಸೇರಿ ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸರಿ. ಮೂರರಿಂದ ಆರು ತಿಂಗಳ ಕೂಸಿನ ಮುಖ ಕುತ್ತಿಗೆಗೆ ಒಂದು, ಒಂದು ತೋಳಿಗೆ ಒಂದು, ಒಂದು ಕಾಲಿಗೆ ಒಂದೂವರೆ. ನಮ್ಮ ಅಜ್ಜಿಯಂದಿರು ಹಾಲಿಗೆ ಹೆಪ್ಪು ಹಾಕುವಾಗ ಕಣ್ಣಳತೆ ತಪ್ಪುವುದಿಲ್ಲ; ಇದೂ ಒಂದು ವಾರದಲ್ಲಿ ಕೈಗೆ ಕೂರುತ್ತದೆ. ಈ ಅಳತೆ ಸ್ಟಿರಾಯ್ಡಿಗೆ ಮಾತ್ರ. ತೇವದ ಜಿಡ್ಡಿಗೆ ಜಿಪುಣತನವೇ ಬೇಡ. ಮೈಯೆಲ್ಲ ಒಣಗಿದ ಮಗುವಿಗೆ ವಾರಕ್ಕೆ 250 ಗ್ರಾಮಿನವರೆಗೂ ಬೇಕಾಗುತ್ತದೆ ಎಂದರೆ ತಾಯಂದಿರು ಮುಖ ನೋಡುತ್ತಾರೆ, ಅವರು ಕೊಂಡಿರುವುದು 20 ಗ್ರಾಮಿನ ಟ್ಯೂಬು. ದೊಡ್ಡ ಡಬ್ಬಿ ಕೊಳ್ಳಿ. ತೆಗೆಯುವಾಗ ಬೆರಳು ಅದ್ದದೆ ಶುದ್ಧ ಚಮಚ ಬಳಸಿ.

ಕೆಲಸಕ್ಕೆ ಬಾರದವನ್ನು ಬೇಗ ಹೇಳಿ ಮುಗಿಸುತ್ತೇನೆ. ಸ್ನಾನದ ನೀರಿಗೆ ಬೆರೆಸುವ ಎಣ್ಣೆಗಳಿಂದ ಹೆಚ್ಚಿನ ಲಾಭವಿಲ್ಲ. ಇದು 2018ರಲ್ಲಿ 483 ಮಕ್ಕಳ ಅಧ್ಯಯನದಿಂದ ತಿಳಿಯಿತು. ಬೋರ್‌ವೆಲ್ ನೀರು ಗಡುಸು ಎಂದು ಬೆಂಗಳೂರಿನಲ್ಲಿ ಬಹಳ ಜನ ಮೆದುಗೊಳಿಸುವ ಯಂತ್ರ ಹಾಕಿಸುತ್ತಾರೆ. ಗಡುಸು ನೀರಿನ ಊರುಗಳಲ್ಲಿ ಇಸಬು ಹೆಚ್ಚು ಎಂಬುದನ್ನು ಇಂಗ್ಲೆಂಡಿನಲ್ಲಿ ಕಂಡಿದ್ದಾರೆ, ಆದರೆ ಯಂತ್ರ ಹಾಕಿದ್ದರಿಂದ ಇಸಬು ತಗ್ಗಲಿಲ್ಲ ಎಂಬುದನ್ನೂ 2011ರಲ್ಲಿ ಅವರೇ ಕಂಡರು. ರೇಷ್ಮೆಯ ನಾಡಿನವರಾದ ನಮಗೆ ಇನ್ನೊಂದು ಸುದ್ದಿ: ಇಸಬಿಗೆಂದೇ ಮಾಡಿದ ರೇಷ್ಮೆ ಅಂಗಿಗಳನ್ನು 300 ಮಕ್ಕಳಿಗೆ ತೊಡಿಸಿ ನೋಡಿದರೂ 2017ರಲ್ಲಿ ಉಪಯೋಗ ಕಾಣಲಿಲ್ಲ. ಅಮ್ಮನ ಹಳೆಯ ಹತ್ತಿ ಸೀರೆಯೇ ಸಾಕು. ಉಣ್ಣೆಯ ಕುಲಾವಿ, ಸ್ವೆಟರು ನೇರ ಮೈಗೆ ತಾಗದಿರಲಿ. ತುರಿಕೆಗೆಂದು ನಿದ್ದೆ ಬರಿಸುವ ಸಿರಪ್ ತಿಂಗಳುಗಟ್ಟಲೆ ಕುಡಿಸಬೇಡಿ. ಅದು ಇಸಬಿನ ತುರಿಕೆಯನ್ನು ನಿಲ್ಲಿಸುವುದಿಲ್ಲ. ಉಗುರು ಗಿಡ್ಡಗಿರಲಿ, ಮಲಗುವ ಕೋಣೆ ತಣ್ಣಗಿರಲಿ.

ಇವೆಲ್ಲದರ ನಡುವೆ ಒಂದು ಅಪಾಯವನ್ನು ಎಲ್ಲರೂ ಗುರುತಿಟ್ಟುಕೊಳ್ಳಿ. ಜ್ವರ ಬಂದಾಗ ದೊಡ್ಡವರ ತುಟಿಯಂಚಿನಲ್ಲಿ ನೀರುಗುಳ್ಳೆ ಏಳುತ್ತದಲ್ಲ, ಅದರ ವೈರಸ್ಸು ಇಸಬಿನ ಕೂಸಿಗೆ ತಗುಲಿದರೆ ಒಡೆದ ಚರ್ಮದ ತುಂಬ ಹಬ್ಬುತ್ತದೆ. ಆ ಗುಳ್ಳೆ ಇರುವಾಗ ಕೂಸಿಗೆ ಮುತ್ತು ಕೊಡಬೇಡಿ, ಎಷ್ಟೇ ಮುದ್ದು ಬಂದರೂ. ಇಸಬಿನ ಮೇಲೆ ಒಂದೇ ಅಳತೆಯ ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದರೆ, ಚುಚ್ಚಿ ತೆಗೆದಂಥ ಹುಣ್ಣುಗಳು ಕಂಡರೆ, ಜೊತೆಗೆ ಜ್ವರ, ಹಾಲು ಕುಡಿಯದಿರುವುದು, ಮಂಕು ಇದ್ದರೆ ಬೆಳಗಾಗಲಿ ಎಂದು ಕಾಯಬೇಡಿ, ಅದೇ ರಾತ್ರಿ ಆಸ್ಪತ್ರೆಗೆ ಬನ್ನಿ. ಅದಕ್ಕೆ ಔಷಧವಿದೆ, ತಡವಾಗಬಾರದು ಅಷ್ಟೇ. ಜೇನುಬಣ್ಣದ ಹಕ್ಕಳೆ, ಕೀವು ಕಂಡರೆ ಬ್ಯಾಕ್ಟೀರಿಯಾ ಸೋಂಕು, ಅದನ್ನೂ ತೋರಿಸಿ.

ಪೂರ್ತಿ ಹೋಗುತ್ತದೆಯೇ ಎಂದು ಕೇಳುತ್ತೀರಿ. ಬುಡಸಮೇತ ಕೀಳುವ ಔಷಧವಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹುಟ್ಟಿದಂದಿನಿಂದ ದಿನಾ ಜಿಡ್ಡು ಹಚ್ಚಿದರೆ ಇಸಬು ಬಾರದಂತೆ ತಡೆಯಬಹುದೇ ಎಂದು 1,394 ಕೂಸುಗಳಲ್ಲಿ ನೋಡಿದರು. 2020ರ ಫಲಿತಾಂಶ, ತಡೆಯಲಾಗಲಿಲ್ಲ. ಆದರೆ ಬಂದದ್ದನ್ನು ಹಿಡಿತದಲ್ಲಿಡಬಹುದು, ಮತ್ತು ಬೆಳೆಯುತ್ತಾ ಬಹುಪಾಲು ಮಕ್ಕಳಲ್ಲಿ ಅದು ತಾನೇ ತಗ್ಗುತ್ತದೆ. ತೀರಾ ಜೋರಿನ ಇಸಬಿಗೆ ಹೊಸ ಇಂಜೆಕ್ಷನ್ನುಗಳು ಬಂದಿವೆ. ಡುಪಿಲುಮ್ಯಾಬ್ ಎಂಬುದಕ್ಕೆ ಅಮೆರಿಕದಲ್ಲಿ 2022ರಲ್ಲಿ ಆರು ತಿಂಗಳ ಕೂಸಿನಿಂದಲೇ ಒಪ್ಪಿಗೆ ಸಿಕ್ಕಿದೆ. ಬೆಲೆ ನಮ್ಮ ಹೆಚ್ಚಿನ ಮನೆಗಳ ಕೈಗೆ ಎಟುಕುವಂಥದ್ದಲ್ಲ.

ಕೈಗೆ ಎಟುಕುವ ಇನ್ನೊಂದು ಔಷಧದ ಬಗ್ಗೆ ಹೇಳುತ್ತೇನೆ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಮೈಕಲ್ ಕಾರ್ಕ್ ಮತ್ತು ಜೊತೆಗಾರರು ಇಸಬಿನ 51 ಮಕ್ಕಳ ಮನೆಯವರನ್ನು ಕೇಳಿ ನೋಡಿದರು. ಇದು ಯಾಕೆ ಬರುತ್ತದೆ, ಹೇಗೆ ಹಚ್ಚಬೇಕು ಎಂದು ಮೊದಲೇ ಯಾರಾದರೂ ವಿವರಿಸಿದ್ದು ನೂರಕ್ಕೆ ಐವರಿಗೂ ಇಲ್ಲ. ವಾರಕ್ಕೆ ಸರಾಸರಿ 54 ಗ್ರಾಮು ಜಿಡ್ಡು ಬಳಸುತ್ತಿದ್ದರು. ಒಬ್ಬ ನರ್ಸ್ ಅವರನ್ನು ಕೂರಿಸಿ, ಕಾರಣ ವಿವರಿಸಿ, ತನ್ನ ಕೈಯಿಂದ ಹಚ್ಚಿ ತೋರಿಸಿ, ಮುಂದಿನ ಭೇಟಿಗಳಲ್ಲಿ ಮತ್ತೆ ತೋರಿಸಿದರು. ಬಳಕೆ 426 ಗ್ರಾಮಿಗೆ ಏರಿತು. ಇಸಬಿನ ತೀವ್ರತೆ ಶೇಕಡ 89ರಷ್ಟು ಇಳಿಯಿತು. ಇದು 2003ರಲ್ಲಿ ಪ್ರಕಟವಾದದ್ದು. ಹೊಸ ಔಷಧ ಯಾವುದೂ ಇರಲಿಲ್ಲ, ಕೂರಿಸಿ ಹೇಳಿಕೊಟ್ಟರು, ಅಷ್ಟೇ. ಭಯದ ಮನೆಗೂ ನಿರ್ಭಯದ ಮನೆಗೂ ಇಲ್ಲದೇ ಹೋದದ್ದು ಇದೇ. ನಮ್ಮ ಆಸ್ಪತ್ರೆಗಳ ಸಾಲಿನಲ್ಲಿ ಒಬ್ಬ ತಾಯಿಗೆ ಸಿಗುವುದು ಮೂರು ನಿಮಿಷ ಎಂದು ನನಗೆ ಗೊತ್ತು. ಆ ಸಾಲಿನ ಈಚೆ ಕೂತಿರುವವಳು ನಾನೇ. ಆದರೂ ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ನರ್ಸ್‌ಗಳು ಇಲ್ಲಿ ಕೂತಿದ್ದೀರಿ. ಬಾಣಂತಿಯ ಮನೆಗೆ ಹೋದಾಗ ಬಚ್ಚಲಿನ ಬಾಗಿಲಲ್ಲಿ ಹತ್ತು ನಿಮಿಷ ಕೂತು, ಒಮ್ಮೆ ಹಚ್ಚಿ ತೋರಿಸಿ ಬನ್ನಿ. ಮೊದಲು ಹೇಳಿದ ಏಳು ತಿಂಗಳ ಕೂಸಿಗೂ ನಾನು ಮಾಡಿದ್ದು ಅಷ್ಟೇ. ಮೂರು ವಾರ ಬಿಟ್ಟು ಬಂದಾಗ ಅದರ ಕೈಯಲ್ಲಿ ಸಾಕ್ಸ್ ಇರಲಿಲ್ಲ, ಗೊಂಬೆ ಇತ್ತು. ತಾಯಿ ಬೇಳೆ ಸಾರು ಉಣ್ಣುತ್ತಿದ್ದಳು.

ಸಭೆ ಮುಗಿದ ಮೇಲೆ ನಾನು ಇಲ್ಲೇ ಇರುತ್ತೇನೆ. ಮನೆಯಲ್ಲಿ ಕೂಸಿಗೆ ಹಚ್ಚುವ ಟ್ಯೂಬನ್ನು ಚೀಲದಲ್ಲಿ ತಂದವರು ತೋರಿಸಿ; ಮೇಲಿನ ಹೆಸರು ಬಿಟ್ಟು ಹಿಂದಿನ ಸಣ್ಣಕ್ಷರವನ್ನು ಇಬ್ಬರೂ ಕೂಡಿ ಓದೋಣ.